ರೋಲರಿನ ಎರಡು ಬದಿ

ಜೊತೆಗೆ ಕೆಲಸ ಮಾಡುವವರು ಹೇಗಿರಬೇಕು ಎಂದು ಆ ಲಾಂಡ್ರಿಯಲ್ಲಿ ಯಾರನ್ನು ಕೇಳಿದರೂ ಗಿಣಿಯ ಹಾಗಿರಬೇಕು ಎನ್ನುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಬಂದವಳು ಸಂಜೆಯವರೆಗೂ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಅದಕ್ಕೇ ಆ ಹೆಸರು ಬಿದ್ದಿತ್ತು. ಬಾಯಿಯಷ್ಟೇ ಚುರುಕಾಗಿ ಕೈಯೂ ಓಡುತ್ತಿತ್ತು. ಆದರೆ ಅಂಥ ಮಾತುಗಾತಿಯ ಹೊಟ್ಟೆಯಲ್ಲಿ ಎರಡು ವರ್ಷದಿಂದ ಒಂದು ಗುಟ್ಟು ಭದ್ರವಾಗಿ ಕೂತಿದೆ ಎನ್ನುವುದು ಅವಳ ಜೊತೆಗಾರ್ತಿ ದೊಡ್ಡಕ್ಕನಿಗೆ ಮಾತ್ರ ಗೊತ್ತಿತ್ತು.

ಗುಟ್ಟು ದೊಡ್ಡಕ್ಕನದೇ. ಅವಳಿಗೆ ಕಿವಿ ಕೇಳುವುದು ನಿಂತುಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು.

ಇಬ್ಬರದೂ ಒಂದೇ ಯಂತ್ರ, ಆಸ್ಪತ್ರೆಯ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಮಾಡುವ ಆಳೆತ್ತರದ ಬಿಸಿ ರೋಲರ್. ಈಚೆ ಬದಿಯಲ್ಲಿ ಗಿಣಿ ಒದ್ದೆ ಹೊದಿಕೆಯ ಅಂಚು ಹಿಡಿದು ಒಳಗೆ ಕೊಡುವಳು. ಆಚೆ ಬದಿಯಲ್ಲಿ ದೊಡ್ಡಕ್ಕ ಹಬೆಯಾಡುತ್ತ ಬಂದದ್ದನ್ನು ಎಳೆದು ಮಡಚುವಳು. ನಿಲ್ಲಿಸುವ ಗುಂಡಿ ಇದ್ದದ್ದು ದೊಡ್ಡಕ್ಕನ ಬದಿಗೆ. ಗಿಣಿಯ ಬದಿಗೆ ಒಂದು ಕೆಂಪು ಪಟ್ಟಿ ಇತ್ತು. ಕೈ ಒಳಗೆ ಹೋಗುವ ಮುಂಚೆ ಅದಕ್ಕೆ ತಗುಲಿದರೆ ರೋಲರ್ ತಾನಾಗಿ ನಿಲ್ಲಬೇಕು. ಸುಮ್ಮಸುಮ್ಮನೆ ನಿಲ್ಲುತ್ತದೆ ಎಂದು ಸೂಪರ್‌ವೈಸರ್ ಅದನ್ನು ಅಲುಗದಂತೆ ತಂತಿಯಿಂದ ಬಿಗಿದು ಕಟ್ಟಿದ್ದ. ಮುಂದಿನ ವಾರ ರಿಪೇರಿ ಎಂದು ಹೇಳಿ ನಾಲ್ಕು ತಿಂಗಳಾಗಿತ್ತು.

ಸೂಪರ್‌ವೈಸರ್ ದೊಡ್ಡಕ್ಕನ ಬೆನ್ನ ಹಿಂದಿನಿಂದ ಏನಾದರೂ ಕೂಗಿದರೆ ಗಿಣಿ ಗದ್ದ ಎತ್ತಿ ಅವಳಿಗೆ ಸನ್ನೆ ಮಾಡುವಳು. ತಡವಾದರೆ ತಾನೇ ಬಾಯಿ ಹಾಕುವಳು. "ನಿಮ್ಮ ಬೈಗುಳ ನಮ್ಮ ದೊಡ್ಡಕ್ಕಂಗೆ ಕೇಳ್ಸಲ್ಲ ಸಾರ್, ಕೇಳಿಸ್ಕೊಂಡ್ರೆ ತಾನೇ ಬೇಜಾರು!" ಅವನೂ ನಕ್ಕು ಹೋಗುವನು.

ಒಮ್ಮೆ ದೊಡ್ಡಕ್ಕ, "ಎಷ್ಟು ದಿನ ಹಿಂಗೆ? ಹೇಳ್ಬಿಡ್ತೀನಿ ಕಣೆ," ಎಂದಿದ್ದಳು. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ, ದುಡಿಮೆ ಅವಳೊಬ್ಬಳದೇ.

"ಹೇಳಿದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ನಿಮ್ಮ ಕಿವಿ ನಾನಿದ್ದೀನಲ್ಲ, ಸುಮ್ನಿರಿ," ಎಂದಿದ್ದಳು ಗಿಣಿ.

ಒಂದು ಮಂಗಳವಾರ, ಊಟದ ಬಿಡುವು ಮುಗಿದ ಮೇಲೆ, ಹೊದಿಕೆಯ ಮೂಲೆಯೊಂದು ಸುಕ್ಕಾಗಿ ಒಳಗೆ ಹೋಗುತ್ತಿತ್ತು. ಸರಿಮಾಡಲೆಂದು ಗಿಣಿ ಕೈ ಚಾಚಿದಳು. ಅವಳ ಚೀರಾಟ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರಿಗೂ ಕೇಳಿಸಿತಂತೆ. ದೊಡ್ಡಕ್ಕ ಬೆನ್ನು ತಿರುಗಿಸಿ, ಮಡಚಿದ ಹೊದಿಕೆಗಳ ಅಂಚು ತಟ್ಟಿ ತಟ್ಟಿ ಸಮ ಮಾಡುತ್ತಿದ್ದಳು. ಮುಂದಿನ ಹೊದಿಕೆ ಯಾಕೆ ಬರಲಿಲ್ಲ ಎಂದು ತಿರುಗಿದಾಗ ಸೂಪರ್‌ವೈಸರ್ ಓಡಿಬರುತ್ತಿರುವುದು ಕಂಡಿತು. ಆಗ ಗುಂಡಿ ಒತ್ತಿದಳು.

ಆಸ್ಪತ್ರೆಯಲ್ಲಿ ಗಿಣಿಯ ಬಲಗೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿ ತೆಗೆದರು.

ಮೂರನೆಯ ದಿನ ವಿಚಾರಣೆ. ಅದರ ಹಿಂದಿನ ದಿನ ಗಿಣಿ ಆಸ್ಪತ್ರೆಯಿಂದ ತಾಯಿಯ ಕೈಲಿ ಹೇಳಿಕಳಿಸಿದ್ದಳು: ದೊಡ್ಡಕ್ಕ ತಕ್ಷಣ ನಿಲ್ಲಿಸಿದರು, ತಪ್ಪೆಲ್ಲ ಆ ಪಟ್ಟಿಯದು, ಅಷ್ಟೇ ಹೇಳಲಿ.

ಮ್ಯಾನೇಜರ್ ಕುರ್ಚಿ ಕೊಟ್ಟು ಎದುರಿಗೆ ಕೂತ. ತುಟಿ ಚೆನ್ನಾಗಿ ಕಾಣುತ್ತಿತ್ತು. "ಹೆದ್ರಬೇಡಿ ಅಮ್ಮ. ನೀವು ತಕ್ಷಣ ನಿಲ್ಲಿಸಿದ್ರಿ, ಅಲ್ವಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ಇಲ್ಲ ಸಾರ್," ಎಂದಳು, ಮಾತು ತಡೆಯಲಾಗದೆ. "ನಂಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ಅವ್ಳಿಗೆ ಗೊತ್ತಿತ್ತು. ಅವ್ಳು ಕೂಗಿದ್ದು ನಂಗೆ ಕೇಳಿಸ್ಲೇ ಇಲ್ಲ." ಅತ್ತಳು. ಅಳುತ್ತಲೇ ಪಟ್ಟಿಗೆ ತಂತಿ ಕಟ್ಟಿದ್ದನ್ನೂ ಹೇಳಿದಳು. ಅಷ್ಟರಲ್ಲಿ ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿಯಾಗಿತ್ತು.

"ಅದನ್ನ ಆಮೇಲೆ ನೋಡೋಣ. ಇಲ್ಲೊಂದು ಸೈನ್ ಮಾಡಿ."

ವರದಿ ಬಂತು. ಕಿವುಡುತನವನ್ನು ಒಬ್ಬಳು ಬಚ್ಚಿಟ್ಟಳು, ಇನ್ನೊಬ್ಬಳು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವಘಡಕ್ಕೆ ಅದೇ ಕಾರಣ. ಇಬ್ಬರನ್ನೂ ಕೆಲಸದಿಂದ ತೆಗೆದರು. ತಂತಿ ಕಟ್ಟಿದ್ದಂತೆಯೇ ರೋಲರ್ ಮಾರನೆಯ ದಿನ ಓಡತೊಡಗಿತು.

ದೊಡ್ಡಕ್ಕ ಗಿಣಿಯ ಮನೆಗೆ ಹೋದಳು. ಗಿಣಿ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ದೊಡ್ಡಕ್ಕ ಎದುರಿಗೆ ಕೂತ ಮೇಲೆ ಮಾತಾಡಿದಳು. ಅಷ್ಟು ಸಿಟ್ಟಿನಲ್ಲೂ, ರೂಢಿಯಂತೆ, ಮುಖ ಎದುರಿಗೆ ತಂದು, ತುಟಿ ಕಾಣುವ ಹಾಗೆ ನಿಧಾನವಾಗಿ.

"ನಿಜ ಹೇಳಿ ನಿಮ್ಮ ಎದೆ ಹಗುರ ಮಾಡ್ಕೊಂಡ್ರಿ. ತಂತಿ ಕಟ್ಟಿದವ್ನು ಬಚಾವಾದ. ಎರಡು ವರ್ಷ ನಿಮಗೋಸ್ಕರ ನಾನು ಬಾಯಿ ಮುಚ್ಕೊಂಡಿದ್ದೆ ದೊಡ್ಡಕ್ಕ. ನನಗೋಸ್ಕರ ಒಂದು ದಿನ ಮುಚ್ಕೊಳ್ಳಕ್ಕೆ ಆಗ್ಲಿಲ್ವಾ?"

"ತಪ್ಪು ನಂದಲ್ವೇನೆ?"

"ನಿಮ್ದೂ ಹೌದು, ನಂದೂ ಹೌದು. ನಮ್ಮಿಬ್ರದ್ದು ಮಾತ್ರ ಅಂತ ಬರ್ಕೊಂಡ್ರಲ್ಲ ಅವ್ರು."

ಮಾರನೆಯ ಬೆಳಿಗ್ಗೆ ಏಳಕ್ಕೆ ದೊಡ್ಡಕ್ಕ ಲಾಂಡ್ರಿಯ ಗೇಟಿನಲ್ಲಿ ನಿಂತು, ರೋಲರಿಗೆ ಹೊಸದಾಗಿ ಹಾಕಿದ್ದ ಇಬ್ಬರು ಹೆಂಗಸರನ್ನು ತಡೆದು ಪಟ್ಟಿಯ ವಿಷಯ ಹೇಳಿದಳು. ಅವರು ತಲೆ ತಗ್ಗಿಸಿ ಏನೋ ಅಂದರು, ತಿಳಿಯಲಿಲ್ಲ. ಎರಡನೆಯ ದಿನ ವಾಚ್‌ಮನ್ ತೋಳು ಹಿಡಿದು ರಸ್ತೆಗೆ ಬಿಟ್ಟ. ಮೂರನೆಯ ದಿನ ಅವರಲ್ಲಿ ಕಿರಿಯವಳು ತಾನೇ ಹತ್ತಿರ ಬಂದು ಮುಖ ನೋಡಿ ಹೇಳಿದಳು:

"ಗೊತ್ತಮ್ಮ. ನಾವೂ ಕೇಳಿದ್ವಿ. ಕೆಲ್ಸ ಬೇಕಿದ್ರೆ ಇರಿ, ಇಲ್ಲಾಂದ್ರೆ ಹೋಗಿ ಅಂದ್ರು."

ಇಬ್ಬರೂ ಒಳಗೆ ಹೋದರು. ದೊಡ್ಡಕ್ಕ ಅಲ್ಲಿಂದ ನೇರ ಗಿಣಿಯ ಮನೆಗೆ ನಡೆದಳು, ತಲೆ ಬಾಚಿ ಕೊಟ್ಟಾದರೂ ಬರೋಣವೆಂದು. ಗಿಣಿಯ ತಾಯಿ ಅರ್ಧ ಬಾಗಿಲು ತೆರೆದು, "ಮಲಗಿದ್ದಾಳೆ," ಎಂದರು. ಅವರ ಹೆಗಲ ಮೇಲಿಂದ ಕಾಣುತ್ತಿತ್ತು: ಗಿಣಿ ಎದ್ದು ಕೂತು ಗೋಡೆಯ ಕಡೆ ನೋಡುತ್ತಿದ್ದಳು.

ದೊಡ್ಡಕ್ಕ ಹೂಂ ಎಂದು ಮತ್ತೆ ಚಪ್ಪಲಿ ಮೆಟ್ಟಿಕೊಂಡಳು.