ಆರನೇ ಕ್ಲಾಸಿನ ‘ಒಪ್ಪಲಾರೆ’

ತಪ್ಪು ಸಿಸ್ಟರ್ ಕ್ಲೆಮೆನ್ಸಾ ಅವರದೇ. ಚರಿತ್ರೆಯ ಪಾಠವನ್ನು ಓದಿಸಿ, ನಾಲ್ಕು ಇಸವಿ ಬಾಯಿಪಾಠ ಮಾಡಿಸಿ ಸುಮ್ಮನಾಗಿದ್ದರೆ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಆದರೆ ಮಕ್ಕಳು ಚರಿತ್ರೆಯನ್ನು ಆಡಿ ನೋಡಿ ಕಲಿಯಬೇಕು ಎಂಬ ಹುಚ್ಚು ಅವರಿಗೆ. ಹಳೆಯ ಪೋಲೆಂಡಿನ ಮಹಾಸಭೆಯಲ್ಲಿ ಒಬ್ಬನೇ ಒಬ್ಬ ಸರದಾರ ಎದ್ದು ‘ಒಪ್ಪಲಾರೆ’ ಎಂದು ಕೂಗಿದರೆ ಮುಗಿಯಿತು, ಸಭೆ ಬರಖಾಸ್ತು. ಯಾಕೆ ಎಂದು ಕೇಳುವ ಹಾಗಿರಲಿಲ್ಲ. ಇವರು ಹೀಗೆ ಕೂಗಾಡುತ್ತ ಕೂತಾಗ ಅಕ್ಕಪಕ್ಕದ ಮೂವರು ದೊರೆಗಳು ದೇಶವನ್ನೇ ಹರಿದು ಹಂಚಿಕೊಂಡರು ಎನ್ನುವುದು ಆರನೇ ಕ್ಲಾಸಿನ ಪಾಠ.

“ಈ ಸಲ ಪ್ರವಾಸದ ತೀರ್ಮಾನಾನೂ ಹಾಗೇ ಮಾಡೋಣ,” ಎಂದರು ಸಿಸ್ಟರ್, ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಕೂರುತ್ತಿದ್ದ ಹಾಗೆ. “ಬಾಲ್ಟಿಕ್ ಸಮುದ್ರ, ಮೂರು ದಿನ. ಬೇಡ ಅನ್ನೋರು ಯಾರಾದ್ರೂ ಇದ್ದೀರಾ?”

ಸಮುದ್ರ ಬೇಡ ಅನ್ನುವವರು ಯಾರಿರುತ್ತಾರೆ? ಇವರಿರುವುದು ಪೋಲೆಂಡಿನ ಈ ತುದಿಯಲ್ಲಿ, ಸಾನ್ ನದಿಯ ದಂಡೆಯ ಮೇಲೆ. ಸಮುದ್ರ ಆ ತುದಿಯಲ್ಲಿ. ಮಕ್ಕಳೆಲ್ಲ ಕುಣಿಯಲು ಬೆಂಚಿನಿಂದ ಅರ್ಧ ಎದ್ದೂ ಆಗಿತ್ತು. ಅಷ್ಟರಲ್ಲಿ ಕಿಟಕಿಯ ಪಕ್ಕದ ಬೊಗ್ನಾ ಎದ್ದು ನಿಂತಳು.

“ಒಪ್ಪಲಾರೆ,” ಎಂದಳು.

ಮೊದಲು ಎಲ್ಲರೂ ನಕ್ಕರು. ಸಿಸ್ಟರೂ ನಕ್ಕರು. “ಭೇಷ್, ಪಾಠ ಚೆನ್ನಾಗಿ ತಲೆಗೆ ಹೋಗಿದೆ. ಈಗ ತಮಾಷೆ ಸಾಕು ಬೊಗ್ನಾ.”

“ತಮಾಷೆ ಅಲ್ಲ ಸಿಸ್ಟರ್.”

“ಮತ್ತೆ ಯಾಕಮ್ಮ?”

“ಯಾಕೆ ಅಂತ ಕೇಳೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ.”

ಮಾಡಿದ್ದುಣ್ಣೋ ಮಹಾರಾಯ! ಆದರೆ ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. “ಸರಿ. ಕೊನೇ ಪಿರಿಯಡ್ಡೂ ನಂದೇ. ಅಷ್ಟರೊಳಗೆ ನೀವು ನೀವೇ ಮಾತಾಡ್ಕೊಳ್ಳಿ. ಆಗ್ಲೂ ಎಲ್ರೂ ಒಪ್ಪದೇ ಇದ್ರೆ ಸಮುದ್ರ ಇಲ್ಲ. ಪಕ್ಕದ ಸಾನೊಕ್‌ಗೆ ಹೋಗಿ ಮ್ಯೂಸಿಯಮ್ಮಿನ ಹಳೇ ಮರದ ಮನೆಗಳನ್ನ ನೋಡ್ಕೊಂಡು ಸಂಜೆಗೆ ವಾಪಸ್.”

ಆ ಮರದ ಮನೆಗಳನ್ನು ಇವರು ಎರಡನೇ ಕ್ಲಾಸಿನಲ್ಲೇ ನೋಡಿದ್ದರು, ನಾಲ್ಕರಲ್ಲಿ ಮತ್ತೊಮ್ಮೆ ನೋಡಿದ್ದರು. ಇಡೀ ಕ್ಲಾಸು ಬೊಗ್ನಾಳ ಕಡೆ ಹಲ್ಲು ಕಡಿಯಿತು.

ಬೊಗ್ನಾಳ ಕಾರಣ ಬೊಗ್ನಾಳಿಗೆ ಗೊತ್ತು, ಅವಳ ಅಮ್ಮನಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ಹನ್ನೆರಡು ತುಂಬಿದರೂ ಅವಳಿಗೆ ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ದಿನಾ ಅಲ್ಲ, ಆದರೆ ಯಾವತ್ತು ಅಂತ ಹೇಳಲಾಗದು. ಬೆಳೀತಾ ಬೆಳೀತಾ ಹೋಗುತ್ತೆ ಎಂದು ಡಾಕ್ಟರು ಮೂರು ವರ್ಷದಿಂದ ಹೇಳುತ್ತಲೇ ಬಂದಿದ್ದರು. ಐದನೇ ಕ್ಲಾಸಿನ ಬೆಟ್ಟದ ಪ್ರವಾಸಕ್ಕೆ ಅವಳು ಹೊಟ್ಟೆನೋವೆಂದು ಮಲಗಿ ತಪ್ಪಿಸಿಕೊಂಡಿದ್ದಳು. ಹೋಗಿಬಂದವರು ಆಮೇಲೆ ತಿಂಗಳುಗಟ್ಟಲೆ ಬರೀ ಆ ಬೆಟ್ಟದ ಮಾತೇ ಆಡಿ ನಕ್ಕರು. ಇವಳಿಗೆ ಒಂದು ನಗುವೂ ಅರ್ಥವಾಗುತ್ತಿರಲಿಲ್ಲ, ಆದರೂ ಜೊತೆಗೆ ನಗುತ್ತಿದ್ದಳು. ಈ ಸಲದ ಪ್ರವಾಸದ ಸುದ್ದಿ ವಾರದ ಹಿಂದೆಯೇ ಮನೆಗೆ ಮುಟ್ಟಿತ್ತು, ಒಂದೊಂದು ಕೋಣೆಗೆ ಐದೈದು ಹುಡುಗಿಯರಂತೆ. ಅಮ್ಮ, “ಸಿಸ್ಟರ್‌ಗೆ ಒಂದು ಮಾತು ಹೇಳ್ತೀನಿ ಬಿಡೆ, ಅವ್ರು ಯಾರ್ಗೂ ಹೇಳಲ್ಲ,” ಎಂದಾಗ ಬೊಗ್ನಾ ಅವಳನ್ನು ಅಡುಗೆಮನೆಯ ಮಾತೆ ಮರಿಯಮ್ಮನವರ ಪಟದ ಮುಂದೆ ನಿಲ್ಲಿಸಿ ಆಣೆ ಹಾಕಿಸಿಕೊಂಡಿದ್ದಳು. ಅಂಥವಳ ಕೈಗೆ ಸಿಸ್ಟರ್ ತಾವಾಗಿಯೇ ಈ ಅಸ್ತ್ರ ಕೊಟ್ಟರೆ ಅವಳು ಬಿಟ್ಟಾಳೆಯೇ?

ಎರಡನೇ ಪಿರಿಯಡ್ಡು ಗಣಿತ. ಮಾತುಷಾಕ್ ಸರ್ ಶೇಕಡಾವಾರು ಕಲಿಸುತ್ತಿದ್ದರು. ಸುದ್ದಿ ಆಗಲೇ ಅವರ ಕಿವಿಗೂ ಬಿದ್ದಿತ್ತು. ಪುಗಸಟ್ಟೆ ಸಿಕ್ಕ ಉದಾಹರಣೆಯನ್ನು ಬಿಡುವ ಜಾತಿಯಲ್ಲ ಗಣಿತದ ಮೇಷ್ಟರದು. “ಇಪ್ಪತ್ತೈದು ಜನರಲ್ಲಿ ಒಬ್ರು ಅಂದ್ರೆ ಶೇಕಡಾ ಎಷ್ಟು?”

“ನಾಲ್ಕು ಸರ್!” ಹಿಂದಿನ ಬೆಂಚಿನಿಂದ ಕ್ಸವೇರಿ ಕೂಗಿದ. “ನಾಲ್ಕು ಪರ್ಸೆಂಟ್ ಬೊಗ್ನಾ, ಉಳಿದ ತೊಂಬತ್ತಾರು ಪರ್ಸೆಂಟ್ ಮನುಷ್ಯರು!”

ಕ್ಸವೇರಿ ಸೆಪ್ಟೆಂಬರಿನಲ್ಲಷ್ಟೇ ಬೇರೆ ಊರಿನಿಂದ ಬಂದು ಸೇರಿದವನು. ಮೈಯಲ್ಲಿ ದಪ್ಪ, ದನಿಯಲ್ಲಿ ಇನ್ನೂ ದಪ್ಪ. ಹೊಸಬ ಎಂದು ಯಾರೂ ತನ್ನನ್ನು ಆಡಿಕೊಳ್ಳುವ ಮೊದಲೇ ಎಲ್ಲರನ್ನೂ ಆಡಿಕೊಂಡು ಗೆದ್ದುಬಿಟ್ಟಿದ್ದ. ಅವನ ಬಾಯಿಂದ ಬಿದ್ದ ಮೇಲೆ ಕೇಳಬೇಕೆ, ಬೊಗ್ನಾ ಅವತ್ತು ಇಡೀ ಕ್ಲಾಸಿಗೆ ‘ನಾಲ್ಕು ಪರ್ಸೆಂಟ್’ ಆದಳು. ಆ ಮೇಲಿನದು ಜೀವಶಾಸ್ತ್ರ. ಮಿಸ್ ಕಪ್ಪೆಯ ಚಿತ್ರ ತೂಗುಹಾಕಿ, ನೀರಿನಲ್ಲೂ ನೆಲದಲ್ಲೂ ಬದುಕುವ ಪ್ರಾಣಿಗಳ ಪಾಠ ಶುರು ಮಾಡಿದರು.

“ಮಿಸ್, ನೀರು ಕಂಡ್ರೆ ಓಡೋ ಪ್ರಾಣಿ ಯಾವ್ದು?” ಎಂದ ಕ್ಸವೇರಿ.

“ಯಾವ್ದಪ್ಪ?”

“ಕಿಟಕಿ ಪಕ್ಕ ಕೂತಿದೆ ನೋಡಿ ಮಿಸ್.”

ಮಿಸ್ ಅವನನ್ನು ಗದರಿದರು. ಆದರೆ ಗದರುವಾಗ ಅವರ ತುಟಿಯ ಕೊನೆಯಲ್ಲೂ ನಗುವಿತ್ತು. ಬೊಗ್ನಾ ಕಪ್ಪೆಯ ಶ್ವಾಸಕೋಶ ಬಿಡಿಸುತ್ತ ಕೂತಳು. ಪೆನ್ಸಿಲ್ಲಿನ ಮೊನೆ ಮುರಿಯಿತು, ಚೂಪು ಮಾಡಿದಳು, ಮತ್ತೆ ಮುರಿಯಿತು.

ಬಿಡುವಿನಲ್ಲಿ ಅವಳ ಪಕ್ಕಕ್ಕೆ ಬಂದವಳು ಒತಿಲಿಯಾ ಒಬ್ಬಳೇ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನ ಒಟ್ಟಿಗೆ ಬಿಳಿ ಉಡುಪು ತೊಟ್ಟು ನಿಂತಾಗಿನಿಂದ ಗೆಳತಿ. ಗಸಗಸೆ ಬನ್ನನ್ನು ಮುರಿದು ಅರ್ಧ ಕೊಟ್ಟಳು.

“ನಂಗಾದ್ರೂ ಹೇಳೆ. ಯಾಕೆ?”

“ಸುಮ್ನೆ.”

“ಸುಮ್ಸುಮ್ನೆ ಯಾರಾದ್ರೂ ಹೀಗ್ಮಾಡ್ತಾರಾ? ನೀನು ಬಸ್ಸಲ್ಲಿ ವಾಂತಿ ಮಾಡ್ತೀಯಾ? ಕವರ್ ನಾನು ಹಿಡ್ಕೋತೀನಿ ಬಿಡು.”

“ಅಲ್ವೇ.”

“ಮತ್ತೆ?” ಬೊಗ್ನಾ ಬನ್ನು ಅಗಿಯುತ್ತಲೇ ಇದ್ದಳು. ಒತಿಲಿಯಾ ಮೆಲ್ಲಗೆ, “ನಾನು ಸಮುದ್ರ ನೋಡೇ ಇಲ್ಲ ಕಣೆ,” ಎಂದಳು.

ನಾಲ್ಕು ಪರ್ಸೆಂಟ್ ಎಂದಾಗ ಬಾರದ ಅಳು ಬೊಗ್ನಾಳಿಗೆ ಆಗ ಬಂತು. ಅವಳು ಅದನ್ನು ಬನ್ನಿನ ಜೊತೆ ನುಂಗಿದಳು.

ಧರ್ಮದ ಪಿರಿಯಡ್ಡಿಗೆ ಬಂದ ಫಾದರ್ ಕಾಯೆತಾನ್ ಆ ದಿನಕ್ಕಿದ್ದ ಪಾಠವನ್ನು ಬದಿಗಿಟ್ಟರು. ಟೀಚರುಗಳ ಕೋಣೆಯಲ್ಲಿ ಕಾಫಿ ಕುಡಿಯುವಾಗ ಅವರಿಗೂ ವಿಷಯ ತಿಳಿದಿರಬೇಕು. ಯೇಸು ಹೇಳಿದ ಕುರಿಯ ಕಥೆ ತೆಗೆದರು. ನೂರು ಕುರಿ, ಒಂದು ತಪ್ಪಿಸಿಕೊಂಡಿತು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿ ಹೊರಟ.

“ಫಾದರ್, ಆ ಕುರಿ ಬೇಕೂಂತ್ಲೇ ತಪ್ಪಿಸ್ಕೊಂಡಿದ್ರೆ?” ಕ್ಸವೇರಿಯೇ, ಇನ್ಯಾರು?

“ಕುರುಬ ಅದನ್ನ ಕೇಳಿದ ಅಂತ ಎಲ್ಲೂ ಇಲ್ವಲ್ಲಪ್ಪ. ಸಿಕ್ಕಿದ ಕೂಡ್ಲೆ ಹೆಗಲ ಮೇಲೆ ಹೊತ್ಕೊಂಡ, ಅಷ್ಟೇ.”

ಪಾಪ, ಫಾದರ್ ಬೊಗ್ನಾಳಿಗೆ ಬೆಂಬಲವಾಗಲೆಂದೇ ಆ ಕಥೆ ಹೇಳಿದ್ದು. ಆದರೆ ಹನ್ನೆರಡು ವರ್ಷದ ಹುಡುಗಿಯ ತಲೆ ಎತ್ತ ಓಡೀತು ಎಂದು ಪಾದ್ರಿಗೇನು ಗೊತ್ತು? ಉಳಿದ ತೊಂಬತ್ತೊಂಬತ್ತು ಕುರಿಗಳು ಬಯಲಲ್ಲಿ ಏನು ಮಾಡುತ್ತಿದ್ದವು ಎಂದೇ ಅವಳು ಯೋಚಿಸಿದಳು. ಅದರಲ್ಲಿ ಒಂದು ಕುರಿ ಒತಿಲಿಯಾ. ತನ್ನೊಬ್ಬಳ ಹಾಸಿಗೆಗೋಸ್ಕರ ಅದು ಸಮುದ್ರವನ್ನೇ ನೋಡಬಾರದೇ? ಈ ಸಲವೂ ಹೊಟ್ಟೆನೋವೆಂದು ಮಲಗಿದರಾಯಿತು. ನಗು ಅರ್ಥವಾಗದಿದ್ದರೂ ನಗುವುದು ಅವಳಿಗೆ ಅಭ್ಯಾಸವಾಗಿತ್ತು.

ಕೊನೆಯ ಪಿರಿಯಡ್ಡಿಗೆ ಸಿಸ್ಟರ್ ಕ್ಲೆಮೆನ್ಸಾ ಬಂದು ಕೂರುವ ಮೊದಲೇ ಬೊಗ್ನಾ ಎದ್ದಳು.

“ಸಿಸ್ಟರ್, ನನ್ನ ಮಾತು ವಾಪಸ್ ತಗೋತೀನಿ. ಸಮುದ್ರಕ್ಕೇ ಹೋಗ್ಲಿ.”

ಕ್ಲಾಸಿನ ಗಲಾಟೆ ಮುಗಿಲು ಮುಟ್ಟಿತು. ಒತಿಲಿಯಾ ಬೆಂಚು ಹಾರಿ ಬಂದು ಅವಳನ್ನು ತಬ್ಬಿಕೊಂಡಳು. ಸಿಸ್ಟರ್ ಮೇಜು ತಟ್ಟಿ ತಟ್ಟಿ ಸುಸ್ತಾದರು. “ಸಾಕು, ಸಾಕು! ಪದ್ಧತಿ ಪ್ರಕಾರ ಇನ್ನೊಂದ್ಸಲ ಕೇಳ್ತೀನಿ. ಎಲ್ರಿಗೂ ಒಪ್ಪಿಗೆ ತಾನೇ?”

“ಒಪ್ಪಲಾರೆ.”

ಎಲ್ಲರೂ ಬೊಗ್ನಾಳನ್ನು ನೋಡಿದರು. ಅವಳ ಬಾಯಿ ಮುಚ್ಚಿತ್ತು. ಆಮೇಲೆ ಹಿಂದೆ ತಿರುಗಿ ನೋಡಿದರೆ, ಎದ್ದು ನಿಂತಿದ್ದವನು ಕ್ಸವೇರಿ.

“ಏ, ಸಾಕೋ ನಿನ್ನ ತಮಾಷೆ!”

“ಬೆಳಗ್ಗಿಂದ ಅವಳನ್ನ ಹುರಿದು ತಿಂದೋನು ನೀನೇ ಅಲ್ವೇನೋ?”

ಯಾವತ್ತೂ ಉತ್ತರಕ್ಕೆ ತಡಕಾಡದ ಹುಡುಗ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಕಿವಿ ಎರಡೂ ಕೆಂಪಾಗಿದ್ದವು. ಬೊಗ್ನಾಳಿಗೆ ಹಗಲಿಡೀ ಅರ್ಥವಾಗದಿದ್ದದ್ದು ಆಗ ಅರ್ಥವಾಯಿತು. ಅವಳು ಅಡ್ಡ ನಿಂತಿದ್ದಷ್ಟು ಹೊತ್ತೂ ಅವನು ನಿಶ್ಚಿಂತೆಯಿಂದ ಅವಳ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. ಅವಳು ಪಕ್ಕಕ್ಕೆ ಸರಿದದ್ದೇ ತಡ, ಅವನು ಬಯಲಿಗೆ ಬಿದ್ದ.

ಅವಳಿಗೆ ಸಿಟ್ಟು ಬಂತು. ಕೆಟ್ಟ ಸಿಟ್ಟೇ. ಈಗ ತಾನು ಸುಮ್ಮನೆ ಕೂತರೆ ಸಾಕು, ಪ್ರವಾಸವೂ ತಪ್ಪುತ್ತದೆ, ಬೈಗುಳವೂ ಅವನ ತಲೆಗೇ ಹೋಗುತ್ತದೆ. ಅನುಭವಿಸಲಿ! ಆಗ ಯಾರೋ, “ನಾಲ್ಕು ಪರ್ಸೆಂಟ್ ದಡಿಯ!” ಎಂದು ಕೂಗಿದರು. ಎಲ್ಲರೂ ನಕ್ಕರು. ಕ್ಸವೇರಿಯೂ ನಗಲು ನೋಡಿದ. ಆ ನಗು ಎಂಥದ್ದೆಂದು ಬೊಗ್ನಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಎದ್ದಳು. “ಎಂಟು ಪರ್ಸೆಂಟ್,” ಎಂದಳು. “ನಾನೂ ಒಪ್ಪಲಾರೆ.”

“ಒಬ್ರು ಹೇಳಿದ್ರೇ ಸಾಕಲ್ಲಮ್ಮ,” ಎಂದರು ಸಿಸ್ಟರ್.

“ಗೊತ್ತು ಸಿಸ್ಟರ್.”

ಸಿಸ್ಟರ್ ಅವಳನ್ನು ನೋಡಿದರು, ಅವನನ್ನು ನೋಡಿದರು, ಯಾಕೆ ಎಂದು ಕೇಳಲಿಲ್ಲ. “ಸಾನೊಕ್,” ಎಂದರು. ಕ್ಲಾಸು ಸತ್ತ ಮನೆಯ ಹಾಗಾಯಿತು. ಒತಿಲಿಯಾ ಚೀಲ ಎತ್ತಿಕೊಂಡು, ಬೊಗ್ನಾಳತ್ತ ತಿರುಗಿಯೂ ನೋಡದೆ ಹೊರಟುಹೋದಳು. ಬೊಗ್ನಾ ಗೇಟಿನವರೆಗೂ ಹಿಂದೆ ಓಡಿದಳು, ಕರೆದಳು. ಅವಳು ನಿಲ್ಲಲಿಲ್ಲ.

ಬಸ್ ಸ್ಟಾಪಿನಲ್ಲಿ ಕ್ಸವೇರಿ ದೂರದ ಕಂಬಕ್ಕೆ ಒರಗಿ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಬಂದ. ಆ ದಪ್ಪ ದನಿ ಎಲ್ಲಿ ಹೋಗಿತ್ತೋ.

“ನಿಂದೂ ರಾತ್ರಿದೇನಾ?”

ಇಲ್ಲ ಎನ್ನಬಹುದಿತ್ತು. ಏನು ರಾತ್ರಿ, ಎಂಥ ರಾತ್ರಿ ಎಂದು ಹುಬ್ಬು ಗಂಟಿಕ್ಕಬಹುದಿತ್ತು. ಒತಿಲಿಯಾಗೇ ಹೇಳದ್ದನ್ನು ಇವನಿಗೆ ಹೇಳಬೇಕೇ?

“ಹ್ಞೂ,” ಎಂದಳು ಬೊಗ್ನಾ.

“ನಮ್ಮಮ್ಮ ಅಲಾರಂ ಇಟ್ಕೊಂಡು ಎಬ್ಬಿಸ್ತಾಳೆ.”

“ನಮ್ಮಮ್ಮಾನೂ.”

“ಆದ್ರೂ...?”

“ಒಂದೊಂದ್ಸಲ.”

“ನಂಗೂ,” ಎಂದ ಕ್ಸವೇರಿ, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಒಂದೇ ಸಲ ಬಿಟ್ಟು.