ಕಾಲುನೋವಿನ ಮೋಡ

ಅಕ್ಕನ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದ ತಂಗಿ ಬಾಚಣಿಗೆಯನ್ನು ಒಮ್ಮೆ ಜೋರಾಗಿಯೇ ಎಳೆದಳು. ಹೆಣದ ತಲೆ ದಿಂಬಿನ ಮೇಲೆ ಆ ಕಡೆಯಿಂದ ಈ ಕಡೆಗೆ ಹೊರಳಿತು.

"ಅಯ್ಯೋ, ಮೆಲ್ಲಗೆ ಬಾಚೇ, ನೋವಾಗುತ್ತೆ" ಎಂದಳು ಎದುರುಮನೆಯ ಟೈಲರಮ್ಮ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

"ಇನ್ನೆಲ್ಲಿ ನೋವು" ಎಂದು ತಂಗಿ ಇನ್ನೊಂದು ಸಲ ಎಳೆದಳು.

ಒಂಬತ್ತು ಗಂಟೆಗೆಲ್ಲ ಮನೆ ತುಂಬಿಹೋಯಿತು. ಮನೆಯೆಂದರೆ ಎಷ್ಟು, ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಚಪ್ಪಲಿ ಬಿಡುವಷ್ಟು ಜಾಗ. ಕೋಣೆ ಅಕ್ಕನದು, ಅಲ್ಲಿ ಗೋಡೆಯ ತುಂಬ ಪುಸ್ತಕ. ತಂಗಿ ಮಲಗುತ್ತಿದ್ದುದು ಅಡುಗೆಮನೆಯಲ್ಲಿ, ಅಲ್ಲಿ ಗೋಡೆಯ ತುಂಬ ಡಬ್ಬ. ಇಬ್ಬರಿಗೂ ಮದುವೆ ಮಕ್ಕಳು ಅಂತ ಏನೂ ಆಗಲಿಲ್ಲ. ಅಕ್ಕ ಮೂವತ್ತನಾಲ್ಕು ವರ್ಷ ಒಂದೇ ಪ್ರೈಮರಿ ಶಾಲೆಯ ಲೈಬ್ರರಿ ನೋಡಿಕೊಂಡವಳು. ಮಕ್ಕಳ ಬಾಯಲ್ಲಿ ಅವಳು ಕತೆ ಟೀಚರ್. ಮಳೆಗಾಲ ಬಂತೆಂದರೆ ಬಾಗಿಲ ಪಕ್ಕದ ಕಪಾಟಿಗೆ ಕಪ್ಪೆ, ಕೊಡೆ, ಮೋಡದ ಪುಸ್ತಕಗಳು. ಚಳಿಗೆ ಕರಡಿ, ಕಂಬಳಿಯವು. ಬೇಸಿಗೆಗೆ ಸಮುದ್ರ, ಹಣ್ಣಿನ ತೋಟ. ಒಂದು ಪುಸ್ತಕ ಓದಿ ಮುಗಿಸಿದ ಮಗು ಒಂದು ಕಾಗದದ ಹನಿಯ ಮೇಲೆ ಹೆಸರು ಬರೆದು ದಾರಕ್ಕೆ ಕಟ್ಟಬೇಕು. ಆಗಸ್ಟ್ ಹೊತ್ತಿಗೆ ಲೈಬ್ರರಿಯ ಸೂರಿನಿಂದ ನೀಲಿ ಹನಿಗಳು ಜಡಿಮಳೆಯ ಹಾಗೆ ಇಳಿಬಿದ್ದಿರುತ್ತಿದ್ದವು. ಊರಿನ ಬೇರೆ ಶಾಲೆಯವರು ಬಂದು ನೋಡಿಕೊಂಡು ಹೋಗುತ್ತಿದ್ದರು.

ಆ ಹನಿಗಳನ್ನೆಲ್ಲ ಅಡುಗೆಮನೆಯ ನೆಲದಲ್ಲಿ ಕೂತು ಕತ್ತರಿಸಿದವಳು ತಂಗಿ. ಹರಿದ ಪುಸ್ತಕಗಳಿಗೆ ಅಂಟು ಬಳಿದು ಬೈಂಡು ಹಾಕಿದವಳೂ, ಹಳೇ ಕಾಲುಚೀಲಕ್ಕೆ ಗುಂಡಿ ಹೊಲಿದು ಕೈಗೊಂಬೆ ಮಾಡಿದವಳೂ ಅವಳೇ.

ಹೆಡ್‌ಮಾಸ್ಟರು ಹೂವಿನ ಜೊತೆ ಒಂದು ಹೊಸ ನೋಟ್‌ಬುಕ್ಕು ತಂದಿದ್ದರು.

"ಸಂತಾಪದ ಪುಸ್ತಕ ಅಮ್ಮ. ಬಂದೋರೆಲ್ಲ ಎರಡೆರಡು ಮಾತು ಬರೀಲಿ, ಆಮೇಲೆ ಲೈಬ್ರರೀಲಿ ಇಡ್ತೀವಿ. ಅವರು ಇದ್ದಷ್ಟು ದಿನ ನಮ್ಮ ಶಾಲೇಲಿ ಓದಕ್ಕೆ ಬಾರದ ಮಗು ಅಂತ ಒಂದೂ ಇರ್ಲಿಲ್ಲ. ಒಂದೂ! ತಗೊಳ್ಳಿ, ಮೊದಲನೇ ಪುಟ ನಿಮ್ಮದು."

ತಂಗಿ ಪೆನ್ನು ಹಿಡಿದಳು. ಚಾಕು ಹಿಡಿದ ಹಾಗೆ ಹಿಡಿದಳು. ಸುತ್ತಲಿನವರು ಗೌರವದಿಂದ ಮಾತು ನಿಲ್ಲಿಸಿದರು. ಬಿಳಿಯ ಪುಟ ಅವಳನ್ನೇ ನೋಡುತ್ತಿತ್ತು.

"ಬಿಡಿ ಸರ್, ಅವಳ ಕೈ ನಡುಗ್ತಿದೆ" ಎಂದು ಟೈಲರಮ್ಮ ಪುಸ್ತಕ ಕಸಿದುಕೊಂಡು ಪಕ್ಕದವರಿಗೆ ದಾಟಿಸಿದಳು. ಕೈಯೇನೂ ನಡುಗುತ್ತಿರಲಿಲ್ಲ.

*

ಅಮ್ಮ ಹಾಸಿಗೆ ಹಿಡಿದಾಗ ಅಕ್ಕನಿಗೆ ಹತ್ತು, ತಂಗಿಗೆ ಏಳು. ಅಮ್ಮನ ಕಾಲು ಎರಡೂ ಊದಿ ಗುಂಡಗಾಗಿದ್ದವು. ಬೆರಳಿಟ್ಟು ಒತ್ತಿದರೆ ಕುಳಿ ಬಿದ್ದು ಎಷ್ಟೋ ಹೊತ್ತು ಹಾಗೇ ಇರುತ್ತಿತ್ತು. ಒಂದು ಸಂಜೆ ಅಪ್ಪ ಕೆಲಸದಿಂದ ಬಂದು ಹೊಸ್ತಿಲಲ್ಲೇ ಕೂತ.

"ಇಬ್ಬರಲ್ಲಿ ಒಬ್ಬರು ಮನೇಲಿರ್ಬೇಕು. ಯಾರಿರ್ತೀರಿ?"

"ಅವಳೇ ಇರ್ಲಿ ಅಪ್ಪ" ಎಂದಳು ಅಕ್ಕ, ಒಂದು ಕ್ಷಣವೂ ತಡಮಾಡದೆ. "ಅವಳಿಗೆ ಅಕ್ಷರ ಹತ್ತಲ್ಲ. ಟೀಚರೇ ನಂಗೆ ಹೇಳಿದಾರೆ, ನಿನ್ನ ತಂಗಿ ತಲೆಗೆ ಏನೂ ಹೋಗಲ್ಲ ಅಂತ."

ಅಪ್ಪ ತಂಗಿಯ ತಲೆ ಸವರಿದ. ಆ ತಲೆಗೆ ಏನೂ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಾದದ್ದು ಅವತ್ತೇ. ಮರುದಿನದಿಂದ ಅಮ್ಮನ ಕಾಲು ಒತ್ತುವ ಕೆಲಸ ಅವಳದಾಯಿತು. ಒತ್ತುತ್ತ ಕೂತಾಗ ಕಿಟಕಿಯಲ್ಲಿ ಕಾಣುತ್ತಿದ್ದುದು ಒಂದು ತುಂಡು ಆಕಾಶ ಮಾತ್ರ. ಅದನ್ನೇ ನೋಡುತ್ತ ಅವಳು ಅಮ್ಮನಿಗೆ ಏನೇನೋ ಹೇಳುತ್ತಿದ್ದಳು. ಅಮ್ಮ ನಗುತ್ತಿದ್ದಳು. ಎರಡು ವರ್ಷಕ್ಕೆ ಅಮ್ಮ ಹೋದಳು. ತಂಗಿಯನ್ನು ಮತ್ತೆ ಶಾಲೆಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಮುಂದೆ ಅಕ್ಕನಿಗೆ ಲೈಬ್ರರಿ ಕೆಲಸ ಸಿಕ್ಕ ಹೊಸದರಲ್ಲಿ ಅವಳು ಒಮ್ಮೆ ಕೇಳಿದ್ದುಂಟು. "ಅಕ್ಕ, ಅಷ್ಟೊಂದು ಮಕ್ಕಳಿಗೆ ಹೇಳ್ಕೊಡ್ತೀಯಲ್ಲ, ನಂಗೂ ಒಂದಿಷ್ಟು..."

"ಈ ವಯಸ್ಸಲ್ಲಿ ಓದಿ ಯಾವ ರಾಜ್ಯ ಆಳ್ಬೇಕು ನೀನು? ಕತ್ತರಿ ಚೆನ್ನಾಗಿ ಹಿಡೀತೀಯ. ಅದನ್ನೇ ಹಿಡ್ಕೋ."

*

ಹತ್ತು ಗಂಟೆಯ ಸುಮಾರಿಗೆ ಒಬ್ಬ ನರ್ಸ್ ಬಂದಳು, ಡ್ಯೂಟಿಯ ಬಟ್ಟೆಯಲ್ಲೇ. ಜೊತೆಗೆ ಆರು ವರ್ಷದ ಮಗಳು. ನರ್ಸ್ ಆ ಶಾಲೆಯ ಹಳೇ ವಿದ್ಯಾರ್ಥಿನಿ, ಮಗಳು ಈಗ ಅಲ್ಲೇ ಒಂದನೇ ಕ್ಲಾಸು. ಹೆಣ ನೋಡಿದ್ದೇ ಅವಳು ಬಿಕ್ಕಿಬಿಕ್ಕಿ ಅಳತೊಡಗಿದಳು.

"ಟೀಚರ್ ಹೇಳಿದ ಒಂದು ಕತೆ ಇದೆ ಸರ್" ಎಂದು ಹೆಡ್‌ಮಾಸ್ಟರ ಕಡೆ ತಿರುಗಿದಳು. "ಕಾಲುನೋವಿನ ಮೋಡದ್ದು. ಆಕಾಶದ ಈ ತುದಿಯಿಂದ ಆ ತುದಿಗೆ ನಡೆದೂ ನಡೆದೂ ಮೋಡಕ್ಕೆ ಕಾಲು ಊದ್ಕೊಂಡುಬಿಡುತ್ತೆ. ಒಬ್ಬಳು ಪುಟ್ಟ ಹುಡುಗಿ ಮನೆ ಮಾಡಿನ ಮೇಲೆ ಕೂತ್ಕೊಳ್ಳುತ್ತೆ. ಹುಡುಗಿ ಏಣಿ ಹತ್ತಿ ಹೋಗಿ ಕಾಲು ಒತ್ತುತ್ತಾಳೆ. ಒತ್ತಿದ ಕಡೆಯೆಲ್ಲ ಕುಳಿ ಬೀಳುತ್ತೆ, ಕುಳಿಯಿಂದ ನೀರು ಬರುತ್ತೆ. ಎಲ್ಲರೂ ಮಳೆ ಮಳೆ ಅಂತ ಕುಣೀತಾರೆ. ಹುಡುಗಿಗೆ ಮಾತ್ರ ಗೊತ್ತು, ಮೋಡ ಸಣ್ಣ ಆಗ್ತಾ ಇದೆ ಅಂತ. ಈಗಲೂ ವಾರ್ಡಲ್ಲಿ ಕಾಲು ಊದಿರೋ ಮುದುಕಿಯರನ್ನ ನೋಡಿದ್ರೆ ನಂಗೆ ಅದೇ ನೆನಪಾಗುತ್ತೆ. ನರ್ಸ್ ಆಗಿದ್ದೇ ಆ ಕತೆಯಿಂದ ಅನ್ಸುತ್ತೆ."

"ಅದ್ಭುತ!" ಎಂದರು ಹೆಡ್‌ಮಾಸ್ಟರು. "ಮಣ್ಣು ಮಾಡೋ ಮುಂಚೆ ಅದನ್ನೇ ಓದ್ತೀನಿ. ಪುಸ್ತಕ ಇದೆಯಾ ಇಲ್ಲಿ?"

ನರ್ಸ್ ಕೋಣೆಯ ಕಪಾಟಿನಿಂದ ನೀಲಿ ರಟ್ಟಿನ ಪುಸ್ತಕ ಹುಡುಕಿ ತಂದಳು. ಹೆಡ್‌ಮಾಸ್ಟರು ಕನ್ನಡಕ ಏರಿಸಿ ಮೊದಲ ಪುಟ ತೆರೆದರು. ಹುಬ್ಬು ಗಂಟಿಕ್ಕಿತು. ಕೊನೆಯ ಪುಟದವರೆಗೂ ತಿರುವಿದರು.

"ಇದ್ರಲ್ಲಿ ನೀರು ಆವಿಯಾಗೋದು ಹೇಗೆ, ಮೋಡ ತಣ್ಣಗಾಗೋದು ಹೇಗೆ ಅಂತ ಇದೆ ಅಷ್ಟೇ. ಕಾಲೂ ಇಲ್ಲ, ಹುಡುಗೀನೂ ಇಲ್ಲ."

"ಇದೇ ಪುಸ್ತಕ ಸರ್, ಇದನ್ನೇ ಹಿಡ್ಕೊಂಡು ಓದ್ತಿದ್ರು, ಕಣ್ಣಾರೆ ನೋಡಿದೀನಿ..."

"ಅದು ನಂದು" ಎಂದಳು ತಂಗಿ.

ಎಲ್ಲರೂ ತಿರುಗಿದರು.

"ಕತೆ ನಂದು. ಬೈಂಡು ಹಾಕೋವಾಗ ಚಿತ್ರ ನೋಡಿ ನಾನು ಹೇಳ್ತಿದ್ದೆ. ಅಕ್ಕ ಕೇಳಿಸ್ಕೊಂಡು ಹೋಗಿ ಅಲ್ಲಿ ಹೇಳ್ತಿದ್ಲು. ಮೋಡದ್ದು, ನಿದ್ದೆ ಬಾರದ ಕರಡೀದು, ಸಮುದ್ರಕ್ಕೆ ಹೆದರೋ ಮೀನಿಂದು, ಎಲ್ಲಾ ನಂದೇ."

ಹೆಡ್‌ಮಾಸ್ಟರು ಮಕ್ಕಳ ಜೊತೆ ಮಾತಾಡುವಾಗಿನ ದನಿ ತೆಗೆದರು. "ಇರ್ಬಹುದಮ್ಮ, ಇರ್ಬಹುದು. ಟೀಚರ್ ನಿಮಗೂ ಹೇಳಿರ್ತಾರೆ. ಕೇಳಿ ಕೇಳಿ ನಮ್ಮದೇ ಅನ್ಸಿಬಿಡುತ್ತೆ."

"ಪಾಪ, ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ" ಎಂದಳು ಟೈಲರಮ್ಮ. "ಒಂದು ಲೋಟ ನೀರು ಕೊಡ್ರೋ ಅವಳಿಗೆ."

ನರ್ಸ್ ಹತ್ತಿರ ಬಂದು ತಂಗಿಯ ಮಣಿಕಟ್ಟು ಹಿಡಿದು ನಾಡಿ ನೋಡಿದಳು.

*

ಆ ಕತೆ ಎಲ್ಲಿಗೆ ಹೋಗುತ್ತಿದೆಯೆಂದು ತಂಗಿಗೆ ಗೊತ್ತಾದದ್ದು ಒಂದು ಮಳೆಗಾಲದಲ್ಲಿ. ಹನಿಗಳ ಡಬ್ಬ ಮನೆಯಲ್ಲೇ ಮರೆತುಹೋಗಿತ್ತು. ಅದನ್ನು ಎದೆಗವಚಿಕೊಂಡು ಶಾಲೆಗೆ ಓಡಿದಳು. ಲೈಬ್ರರಿ ಬಾಗಿಲಲ್ಲಿ ನಿಂತರೆ ಒಳಗೆ ನಲವತ್ತು ಮಕ್ಕಳು ಚಾಪೆಯ ಮೇಲೆ ಬಾಯಿ ತೆರೆದು ಕೂತಿವೆ, ಅಕ್ಕ ನೀಲಿ ಪುಸ್ತಕ ಹಿಡಿದು ಪುಟ ತಿರುವುತ್ತ "ಆಗ ಮೋಡ ಏನಂತು ಗೊತ್ತಾ..." ಎನ್ನುತ್ತಿದ್ದಾಳೆ. ಮಾತೂ ತನ್ನದೇ, ಮಾತಿನ ಮಧ್ಯೆ ಉಸಿರೆಳೆಯುವ ಜಾಗವೂ ತನ್ನದೇ. ಮೈಯೆಲ್ಲ ಜುಮ್ಮೆಂದಿತು. ಸಂತೋಷವೆಂದೇ ಅಂದುಕೊಂಡಳು.

"ಟೀಚರ್, ಈ ಕತೆ ನಿಮಗೆ ಯಾರು ಹೇಳಿದ್ದು?" ಎಂದಿತು ಒಂದು ಮಗು.

ಅಕ್ಕ ತಲೆಯೆತ್ತಿದಳು. ಬಾಗಿಲಲ್ಲಿ ಒದ್ದೆಯಾಗಿ ನಿಂತವಳು ಕಣ್ಣಿಗೆ ಬಿದ್ದಳು.

"ಯಾರೂ ಹೇಳಿಲ್ಲ. ಪುಸ್ತಕದಲ್ಲಿದೆ. ಓದಕ್ಕೆ ಬರೋರಿಗೆ ಪುಸ್ತಕ ಎಲ್ಲಾ ಹೇಳುತ್ತೆ. ಓದಕ್ಕೆ ಬಾರದೇ ಇರೋರು ಹೀಗೆ ಬಾಗಿಲಲ್ಲಿ ನಿಂತಿರ್ತಾರೆ, ನೋಡಿ."

ನಲವತ್ತು ತಲೆಗಳು ತಿರುಗಿದವು. ಮಕ್ಕಳು ಹೋ ಎಂದು ನಕ್ಕವು. ತಂಗಿ ಡಬ್ಬ ನೆಲದ ಮೇಲಿಟ್ಟು ಮನೆಗೆ ಬಂದಳು. ಆಮೇಲೂ ಹತ್ತೊಂಬತ್ತು ವರ್ಷ ಹನಿ ಕತ್ತರಿಸಿದಳು, ಕತೆಯನ್ನೂ ಹೇಳಿದಳು. ಹೇಳದೆ ಇದ್ದರೆ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನಿವೃತ್ತಿಯಾದ ಮರುವರ್ಷವೇ ಸಕ್ಕರೆ ಕಾಯಿಲೆ ಅಕ್ಕನ ಕಣ್ಣು ತಿಂದುಹಾಕಿತು. ಕೊನೆಯ ಎಂಟು ತಿಂಗಳು ಪೂರ್ತಿ ಕತ್ತಲು. ಮಧ್ಯಾಹ್ನ ಊಟವಾದ ಮೇಲೆ ಮಂಚದಲ್ಲಿ ಒರಗಿ ಕೂತು ಕೇಳುತ್ತಿದ್ದಳು.

"ಏನಾದ್ರೂ ಹೇಳೇ. ಆ ಮೋಡದ್ದು ಹೇಳು."

"ಅದು ಪುಸ್ತಕದಲ್ಲಿದೆಯಲ್ಲ ಅಕ್ಕ."

ತಂಗಿ ನೀಲಿ ಪುಸ್ತಕ ತೆಗೆದು ಮಂಚದ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಿದ್ದಳು. ಪುಟ ತೆರೆದು ಸುಮ್ಮನೆ ಕೂರುತ್ತಿದ್ದಳು. ಒಂದು ಪುಟ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಪುಟ ತಿರುವುತ್ತಿದ್ದಳು. ಸರಕ್ಕೆಂದು ಸದ್ದಾಗುತ್ತಿತ್ತು. ಅಕ್ಕನ ಮುಖ ಸದ್ದಿನ ಕಡೆಗೆ ತಿರುಗಿ ಕಾಯುತ್ತಿತ್ತು. ಮತ್ತೊಂದು ಪುಟ. ಮತ್ತೊಂದು. ಕೊನೆಗೆ ರಟ್ಟು ಮುಚ್ಚಿ "ಮುಗೀತು" ಎಂದು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಎಂಟು ತಿಂಗಳು, ದಿನ ತಪ್ಪದೆ. ಮೊದಮೊದಲು ಅಕ್ಕ ಬೈದಳು. ಆಮೇಲೆ ಅತ್ತಳು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳತೊಡಗಿದಳು.

ಸಾಯುವ ಮೂರು ದಿನ ಮುಂಚೆ, ನಾಲ್ಕನೆಯ ಪುಟಕ್ಕೋ ಐದನೆಯ ಪುಟಕ್ಕೋ, ಅಕ್ಕ ಬಾಯಿಬಿಟ್ಟಳು.

"ಟೀಚರ್ ಹಾಗಂದಿರ್ಲಿಲ್ಲ ಕಣೇ."

ತಂಗಿಯ ಕೈ ನಿಂತಿತು.

"ನಿನ್ನ ತಲೆಗೆ ಹೋಗಲ್ಲ ಅಂತ ಅಂದಿರ್ಲಿಲ್ಲ. ಭಾರಿ ಜಾಣೆ, ನಿನಗಿಂತ ಚುರುಕು, ಮುಂದೆ ಓದ್ಸಿ ಅಂತ ನಿಮ್ಮಪ್ಪನಿಗೆ ಹೇಳು ಅಂದಿದ್ರು. ನಾನು... ನಂಗೂ ಹತ್ತೇ ವರ್ಷ ಕಣೇ ಆಗ."

ಐವತ್ತೆರಡು ವರ್ಷ ತನ್ನ ತಲೆ ಮಂದವೆಂದು ನಂಬಿ ಬದುಕಿದವಳು ತೊಡೆಯ ಮೇಲಿನ ಅಕ್ಷರಗಳನ್ನು ನೋಡಿದಳು. ಅವು ಅಕ್ಕಿಯಲ್ಲಿ ಸಿಕ್ಕ ಹುಳುಗಳ ಹಾಗೆ ಸಾಲಾಗಿ ಬಿದ್ದಿದ್ದವು.

"ಏನಾದ್ರೂ ಅನ್ನೇ" ಎಂದಳು ಅಕ್ಕ. "ಬೈದಾದ್ರೂ ಬೈಯೇ."

ತಂಗಿ ಪುಟ ತಿರುವಿದಳು.

*

ಮಧ್ಯಾಹ್ನ ಎಲ್ಲರೂ ಸ್ಮಶಾನ ಸೇರಿದರು. ಗುಂಡಿಯ ಪಕ್ಕ ನಿಂತು ಹೆಡ್‌ಮಾಸ್ಟರು ಮಾತಾಡಿದರು. ಪುಸ್ತಕ ಕೈಕೊಟ್ಟಿದ್ದರಿಂದ ಕತೆಯನ್ನು ನರ್ಸ್ ಹೇಳಿದಷ್ಟು ನೆನಪಿನಿಂದ ಹೇಳಿದರು. ಕೊನೆ ಅವರಿಗೆ ಸಪ್ಪೆಯೆನಿಸಿತೋ ಏನೋ, "ಹೀಗೆ ಆ ಮೋಡ ಜ್ಞಾನದ ಮಳೆ ಸುರಿಸಿತು, ಆ ಮೋಡವೇ ನಮ್ಮ ಟೀಚರ್" ಎಂದು ಸೇರಿಸಿದರು. ಹಲವರು ಕಣ್ಣೊರೆಸಿಕೊಂಡರು. ಏಣಿ ಹತ್ತಿ ಹೋದ ಹುಡುಗಿಯನ್ನು ಅವರು ಮರೆತೇಬಿಟ್ಟಿದ್ದರು. ತಂಗಿ ಒಂದು ಹಿಡಿ ಮಣ್ಣು ಹಾಕಿ ಕೈ ಒದರಿಕೊಂಡಳು.

ಗುಂಡಿ ಮುಚ್ಚುವಷ್ಟರಲ್ಲಿ, ಬೋರ್ಡು ಬರೆಯಲು ಕರೆಸಿದ್ದ ಪೇಂಟರು ಒಂದು ಮರದ ಹಲಗೆ ಎತ್ತಿಕೊಂಡು ಬಂದ. ಕಲ್ಲು ಹಾಕಿಸುವವರೆಗೆ ಗುರುತಿಗೆ ಇರಲೆಂದು ಹೆಡ್‌ಮಾಸ್ಟರು ಹೇಳಿ ಮಾಡಿಸಿದ್ದು. ಬಿಳಿ ಬಣ್ಣದ ಮೇಲೆ ಕರಿ ಅಕ್ಷರದಲ್ಲಿ ಅಕ್ಕನ ಹೆಸರು, ಕೆಳಗೆ ಇನ್ನೇನೋ ಎರಡು ಸಾಲು.

"ನೀವೇ ಅಲ್ವಾ ಅಮ್ಮ ತಂಗಿ? ಹೆಸರು ಒಂದ್ಸಲ ನೋಡ್ಬಿಡಿ. ಇನ್ನೂ ಹಸಿ ಇದೆ, ತಪ್ಪಿದ್ರೆ ಈಗ್ಲೇ ತಿದ್ದುತೀನಿ. ಒಣಗಿದ್ರೆ ಆಗಲ್ಲ."

ತಂಗಿ ಬಗ್ಗಿ ನೋಡಿದಳು. ಅಷ್ಟು ದೊಡ್ಡ ಲೋಕದಲ್ಲಿ ಅವಳಿಗೆ ಓದಲು ಬರುತ್ತಿದ್ದುದು ಅದೊಂದೇ ಹೆಸರು. ಮನೆಯ ಬಾಗಿಲ ಮೇಲೆ ಆ ಹೆಸರು ಕೆತ್ತಿದ್ದ ಹಿತ್ತಾಳೆ ತಗಡನ್ನು ಪ್ರತಿ ಭಾನುವಾರ ಬೂದಿ ಹಾಕಿ ತಿಕ್ಕುತ್ತಿದ್ದವಳು ಅವಳೇ. ಪ್ರತಿ ಅಕ್ಷರದ ಉಬ್ಬೂ ತಗ್ಗೂ ಅವಳ ಬೆರಳಿಗೆ ಗೊತ್ತು. ಕೊನೆಯ ಅಕ್ಷರದ ಬೆನ್ನಿಗೆ ಅಲ್ಲಿ ಒಂದು ಕೊಂಡಿಯಿತ್ತು, ಕಿರುಬೆರಳು ಮಡಚಿದ ಹಾಗೆ. ಬೂದಿ ಅದರಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇಲ್ಲಿ ಅದು ಇರಲಿಲ್ಲ.

ಅವಳು ಇನ್ನೊಂದು ಸಲ ನೋಡಿದಳು. ನೆಟ್ಟಗಾದಳು.

"ಸರಿಯಾಗಿದೆ" ಎಂದಳು. "ನೆಟ್ಟುಬಿಡಿ."

ಪೇಂಟರು ಕಲ್ಲಿನಿಂದ ಕುಟ್ಟಿ ಹಲಗೆ ನೆಟ್ಟು, ಡಬ್ಬ ಮುಚ್ಚಿಕೊಂಡು ಹೊರಟುಹೋದ. ಬಿಸಿಲು ಚುರುಗುಟ್ಟುತ್ತಿತ್ತು. ಜನ ಒಬ್ಬೊಬ್ಬರಾಗಿ ಬಂದು ಹೂವಿಟ್ಟರು. ಹೂವಿಟ್ಟು ತಲೆಯೆತ್ತಿದವರ ತುಟಿ ಒಮ್ಮೆ ಅಲುಗಿ ನಿಲ್ಲುತ್ತಿತ್ತು. ಹೆಡ್‌ಮಾಸ್ಟರು ಬೆರಳ ತುದಿಯಿಂದ ಬಣ್ಣ ಮುಟ್ಟಿ ನೋಡಿ, ಟೈಲರಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. "ಹೆಸರಿನ ಕೊನೇ ದೀರ್ಘ ಬಿಟ್ಟುಬಿಟ್ಟಿದಾನಲ್ರೀ... ಈ ಹೆಂಗಸು ನೋಡ್ಲಿಲ್ವಾ?"

"ಅವಳಿಗೆಲ್ಲಿ ಗೊತ್ತಾಗ್ಬೇಕು ಸರ್" ಎಂದಳು ಟೈಲರಮ್ಮ.

ಆಗ ನರ್ಸಿನ ಮಗಳು ಅಮ್ಮನ ಕೈ ಕೊಸರಿಕೊಂಡು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿತು. ಹೊಸದಾಗಿ ಓದು ಕಲಿತ ಮಗು. ಕಂಡದ್ದನ್ನೆಲ್ಲ ಓದುವ ಹುರುಪು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಬರೆದದ್ದನ್ನು ಬರೆದ ಹಾಗೆಯೇ, ಗಂಟಲು ಬಿಟ್ಟು ಓದಿತು. ಅಕ್ಕನ ಹೆಸರಿನ ಹತ್ತಿರ ಹತ್ತಿರಕ್ಕೆ ಬಂದು, ಯಾರದ್ದೂ ಅಲ್ಲದ ಒಂದು ಹೆಸರು. ನರ್ಸ್ ಓಡಿಬಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮಗು ಮುಖ ತಪ್ಪಿಸಿಕೊಂಡಿತು.

"ತಪ್ಪಾಯ್ತಾ ಅಜ್ಜಿ?" ಎಂದು ತಂಗಿಯನ್ನು ಕೇಳಿತು.

"ಇಲ್ಲ ಪುಟ್ಟಿ" ಎಂದಳು ತಂಗಿ, ಮಗುವಿನ ಪಕ್ಕ ಹಸಿಮಣ್ಣಿನ ಮೇಲೆ ಕೂರುತ್ತ. "ಇನ್ನೊಂದ್ಸಲ ಓದು."