ಯಾವ ಕಿವಿ?

“ಒಂಟಿಕಿವಿ ಮನೆ ಇದೇನಾ?”

ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ಬಸ್ ಡಿಪೋದ ವೆಲ್ಡರ್. ಒಳಗೆ ಹೆಣ ಮಲಗಿಸಿದ್ದ ಕೋಣೆಯಲ್ಲಿ ಬಂದವರು ಕೂರಲು ಜಾಗವಿಲ್ಲವೆಂದು ಮಗಳು ಒಂದು ಸ್ಪೀಕರನ್ನು ತಬ್ಬಿಕೊಂಡು ಗೋಡೆಯತ್ತ ಜರುಗಿಸುತ್ತಿದ್ದಳು. ಅವಳು ಹಾಗೇ ನಿಂತಳು. ಸತ್ತವನ ಅಕ್ಕ ಯಾಕೋ ತಲೆ ತಗ್ಗಿಸಿದಳು. ಹೆಂಡತಿ ಮಾತ್ರ, ಪಾಪ ಮನೆ ತಪ್ಪಿ ಬಂದಿರಬೇಕು ಎಂದುಕೊಂಡು, ಇಲ್ಲಿ ತೀರಿಕೊಂಡಿರುವವರು ಡಿಪೋದ ಮೆಕ್ಯಾನಿಕ್ಕು, ನಮ್ಮ ಯಜಮಾನರು ಎಂದಳು.

“ಅವರೇ ಅಮ್ಮಾ,” ಎಂದ ವೆಲ್ಡರ್. ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಡಿಪೋದಲ್ಲಿ ಇಪ್ಪತ್ತು ವರ್ಷದಿಂದ ಎಲ್ಲರೂ ಕರೆಯುತ್ತಿದ್ದ ಹೆಸರು ಅದು. ಒಂದು ಕಿವಿ ಪೂರ್ತಿ ಕಿವುಡಾಗಿತ್ತಲ್ಲ. ಮನೆಯವರಿಗೇ ಅದು ಗೊತ್ತಿಲ್ಲವೆಂದು ಅವನಿಗೆ ಹೇಗೆ ಹೊಳೆಯಬೇಕು?

ಹೆಂಡತಿ ಕೋಣೆಯ ಸುತ್ತ ನೋಡಿದಳು. ಮುಂದೆ ಮೂರು ಸ್ಪೀಕರು, ಅಕ್ಕಪಕ್ಕ ಒಂದೊಂದು, ಹಿಂದೆ ಎರಡು, ಚಾವಣಿಗೆ ಬೇರೆ ಎರಡು. ಎರಡು ಕಿವಿ ಇದ್ದವರಿಗೇ ಹೆಚ್ಚಾಯಿತು ಅನ್ನಿಸುವಷ್ಟು. ಗೋಡೆಯುದ್ದದ ಕಪಾಟಿನಲ್ಲಿ, ಸುತ್ತಲಿಂದಲೂ ಸದ್ದು ಬರುವ ಸರೌಂಡ್ ಡಿಸ್ಕುಗಳು. ಹೊಸ ಆಲ್ಬಮ್ ಬಂತೆಂದರೆ ಬಿಡುಗಡೆಯಾದ ವಾರವೇ ಪೋಸ್ಟಿನವನು ಬೆಲ್ ಒತ್ತುತ್ತಿದ್ದ. ಇಂಥ ಮನುಷ್ಯನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ?

“ಅತ್ತಿಗೆ, ಇವರು ಏನು ಹೇಳ್ತಿದಾರೆ?” ಎಂದು ಗಂಡನ ಅಕ್ಕನನ್ನು ಕೇಳಿದಳು.

ಅಕ್ಕ ಸೆರಗಿನ ತುದಿ ನೋಡುತ್ತಾ ಹೇಳಿದಳು. ಮದುವೆಗೆ ಒಂದು ವರ್ಷ ಮುಂಚೆ ಗಾಳಿ ತುಂಬುವಾಗ ಟೈರು ಸಿಡಿದು ಹಾಗಾಗಿತ್ತಂತೆ. ಹೆಣ್ಣಿನ ಕಡೆಯವರಿಗೆ ತಿಳಿಸಬೇಡಿ ಎಂದು ಮನೆಯವರೆಲ್ಲ ಸೇರಿ ಮುಚ್ಚಿಟ್ಟರಂತೆ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಎಂದು ಮೂವತ್ತೊಂದು ವರ್ಷ ಕಳೆಯಿತಂತೆ.

*

ಮೊದಲ ಡಿಸ್ಕು ಬಂದ ದಿನ ಅವನು ಹೆಂಡತಿಯನ್ನು ಕೋಣೆಯ ನಟ್ಟನಡುವಿನ ಕುರ್ಚಿಯಲ್ಲಿ ಕೂರಿಸಿದ್ದ. ತಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ.

“ಪಿಟೀಲು ಎಲ್ಲಿಂದ ಬರ್ತಿದೆ?”

“ಹಿಂದಿಂದ. ಬಲಗಡೆ. ಈಗ ಇಲ್ಲೇ ಭುಜದ ಹತ್ರ ಬಂತು.”

ಅವನ ಮುಖ ಅರಳಿತು. ನೀವೇ ಬಂದು ಇಲ್ಲಿ ಕೂತುಕೊಳ್ಳಬಾರದೇ ಎಂದರೆ, ನೀನು ಹೇಳು, ನೀನು ಹೇಳಿದರೇ ಚೆಂದ ಎಂದ.

ಮೊದಮೊದಲು ಅವಳಿಗೂ ಅದು ಮೋಜೇ. ಆದರೆ ಹೊಸ ಆಲ್ಬಮ್ಮುಗಳಿಗೆ ಕೊನೆಯಿದೆಯೇ? ಬರುಬರುತ್ತಾ ಅವಳು ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ, ನಾಳಿನ ಕೆಲಸ ಯೋಚಿಸುತ್ತಾ, ಅವನು ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಎಡಕ್ಕೆ. ಬಲಕ್ಕೆ. ಒಮ್ಮೆ ಡ್ರಮ್ಮು ಎಲ್ಲಿ ಅಂದಾಗ ನೆತ್ತಿ ಮೇಲೆ ಎಂದುಬಿಟ್ಟಳು. ಅದು ಎದುರಿಗೇ ಇತ್ತು. ಅವನು ಚಾವಣಿ ನೋಡಿದ. ತುಂಬಾ ಹೊತ್ತು ನೋಡಿದ. ಅವಳಿಗೆ ನಗು ಬಂದಿತ್ತು.

*

ಮಾಡಿದ ತಪ್ಪಿಗೆ ಸಮಾಧಾನದ ಮಾತಾಡೋಣವೆಂದು ವೆಲ್ಡರ್ ಈಗ ಮಾತಿಗಿಳಿದಿದ್ದ. ಒಂಟಿಕಿವಿಯವರು, ಅಂದರೆ ನಿಮ್ಮ ಯಜಮಾನರು, ಊಟದ ಹೊತ್ತಿನಲ್ಲಿ ಹಾಡಿನ ವಿಷಯ ಬಿಟ್ಟರೆ ಬೇರೆ ತೆಗೆಯುತ್ತಿರಲಿಲ್ಲ ಎಂದ. ಒಂದೇ ಕಿವಿಯಲ್ಲಿ ಕೇಳಿದರೆ ಸದ್ದು ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ, ಎಲ್ಲವೂ ಒಂದೇ ಕಡೆ ಗುಡ್ಡೆ ಬಿದ್ದಿರುತ್ತದೆ ಎನ್ನುತ್ತಿದ್ದರಂತೆ. ಅದನ್ನು ಬಿಡಿಸಿ ಬಿಡಿಸಿ ಇಡೋದು ನಮ್ಮನೆಯವಳು ಎನ್ನುತ್ತಿದ್ದರಂತೆ.

“ಒಂದಿನ ಅಂತೂ ಕುಣಿದಾಡಿಬಿಟ್ರು ಅಮ್ಮಾ. ಡ್ರಮ್ಮು ನೆತ್ತಿ ಮೇಲಿಂದ ಬಂತಂತೆ, ನಮ್ಮನೆಯವಳು ಹೇಳಿದ್ಳು ಅಂತ. ವರ್ಷಗಟ್ಟಲೆ ಅದನ್ನೇ ಹೇಳ್ತಿದ್ರು.”

ಹೆಂಡತಿಗೆ ಅಷ್ಟು ದಿನ ಮುಚ್ಚಿಟ್ಟನೆಂದು ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಗಡಿಯಾರ ನೋಡಿದಳು. ನಾಲ್ಕಕ್ಕೆ ಸ್ಮಶಾನದ ವ್ಯಾನು ಬರುತ್ತದೆ, ಇನ್ನು ಹತ್ತೇ ನಿಮಿಷ. ಅವನಿಗೆ ನಿಜ ಹೇಳಿಯೇ ಕಳಿಸಬೇಕು.

“ಯಾವ ಕಿವಿ?” ಎಂದು ಕೇಳಿದಳು.

ಅಕ್ಕ ತಲೆಯೆತ್ತಿ ನೋಡಿದಳು.

“ಅತ್ತಿಗೆ, ಕೇಳಿಸ್ತಾ ಇದ್ದಿದ್ದು ಯಾವ ಕಿವಿ?”

ಎಡದ್ದು ಎಂದಳು ಅಕ್ಕ. ತಕ್ಷಣ ಅನುಮಾನ ಬಂತು. ತಲೆತುಂಬಾ ಬ್ಯಾಂಡೇಜ್ ಸುತ್ತಿದ್ದರು, ಜೀವ ಉಳಿದರೆ ಸಾಕಾಗಿತ್ತು, ಯಾವುದು ಅಂತ ಯಾರು ನೋಡಿದರು ಎಂದು ಅಳತೊಡಗಿದಳು. ವೆಲ್ಡರ್ ತನಗೆ ಚೆನ್ನಾಗಿ ಗೊತ್ತು ಎಂದ. ಎಂಜಿನ್ನಿನ ಸದ್ದು ಹಿಡಿಯಲು ಅವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ನಿಲ್ಲುತ್ತಿದ್ದರು, ಹೀಗೆ, ಎಂದು ಮುಷ್ಟಿಯನ್ನು ಬಲಗಿವಿಗೆ ಒತ್ತಿ ತೋರಿಸಿದ. ಆಮೇಲೆ, ಅಲ್ಲ, ನಾನು ಎದುರಿಗೆ ನಿಂತು ನೋಡ್ತಿದ್ದೆನಲ್ಲ ಎಂದು ಎಡಕ್ಕೆ ಒತ್ತಿದ. ಮತ್ತೆ ಬಲಕ್ಕೆ ತಂದ. ಮಗಳು, ಅಪ್ಪ ಫೋನು ಹಿಡಿಯುತ್ತಿದ್ದುದನ್ನು ನೆನಪು ಮಾಡಿಕೊಳ್ಳಲು ಹೋದಳು. ಅವನು ಫೋನನ್ನು ಕಿವಿಗೆ ಹಿಡಿದದ್ದೇ ಇಲ್ಲ, ಮೇಜಿನ ಮೇಲಿಟ್ಟು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ.

ಹೆಂಡತಿ ತನ್ನಲ್ಲೇ ಹುಡುಕಿದಳು. ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಎಷ್ಟೋ ಸಲ ಉತ್ತರವೇ ಇರುತ್ತಿರಲಿಲ್ಲ, ಗೋಡೆಗೆ ಹೇಳಿದ ಹಾಗಾಯ್ತು ಎಂದು ರೇಗುತ್ತಿದ್ದಳು. ಆಗ ತಾನು ಯಾವ ಪಕ್ಕ ನಿಂತಿದ್ದೆ? ಎಷ್ಟು ತಡಕಿದರೂ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷ ಪಕ್ಕದಲ್ಲೇ ಮಲಗಿದವಳಿಗೆ ಇದೂ ಗೊತ್ತಿಲ್ಲವಲ್ಲ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಹೊತ್ತಾಯ್ತು ಎಂದು ಯಾರೋ ಹೇಳಿದರು. ಎತ್ತುವವರು ನಾಲ್ವರು ಒಳಗೆ ಬಂದರು.

ಅವಳು ಮಂಡಿಯೂರಿ ಕೂತು ಗಂಡನ ಎಡಗಿವಿಗೆ ಬಾಯಿ ಇಟ್ಟಳು.

“ರೀ, ಆವತ್ತು ಡ್ರಮ್ಮು ಎದುರಿಗೇ ಇತ್ತು. ನಾನು ಸರಿಯಾಗಿ ಕೇಳಿಸ್ಕೊಂಡೇ ಇರ್ಲಿಲ್ಲ.”

ಮುಗಿಯಿತೆಂದುಕೊಂಡು ನಾಲ್ವರೂ ಬಗ್ಗಿದರು. ಅವಳು ಕೈ ಎತ್ತಿ ತಡೆದಳು. ಎದ್ದು, ಸ್ಪೀಕರುಗಳ ಸಂದಿಯಲ್ಲಿ ನುಸುಳಿ, ಅವನ ಕಾಲ ಕಡೆಯಿಂದ ಸುತ್ತಿ ಆಚೆ ಪಕ್ಕಕ್ಕೆ ಬಂದಳು. ಬಲಗಿವಿಯ ಮೇಲೆ ಬಿದ್ದಿದ್ದ ಹೂಗಳನ್ನು ಸರಿಸಿ, ಮತ್ತೆ ಬಗ್ಗಿ, ಮೊದಲಿನಿಂದ ಹೇಳತೊಡಗಿದಳು.